ಮೊದಲ ಬಿಲ್ಲಿಗೇ ಮುಗಿದುಹೋಗುವ ಹೊಣೆ

2024ರ ಜುಲೈ 8ರಂದು ಉಕ್ರೇನಿನ ರಾಜಧಾನಿ ಕೀವ್‌ನ ಒಹ್ಮತ್‌ದಿತ್ ಮಕ್ಕಳ ಆಸ್ಪತ್ರೆಯ ಮೇಲೆ ಕ್ಷಿಪಣಿಯೊಂದು ಬಂದು ಬಿತ್ತು. ಆ ದೇಶದ ಅತಿ ದೊಡ್ಡ ಮಕ್ಕಳ ಆಸ್ಪತ್ರೆಯದು. ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆಯುತ್ತಿದ್ದ ಪುಟ್ಟ ಮಕ್ಕಳನ್ನು ಗ್ಲೂಕೋಸ್ ಬಾಟಲಿ ಸಹಿತ ಬೀದಿಗೆ ತಂದು ಕೂರಿಸಿದ ಚಿತ್ರಗಳನ್ನು ಜಗತ್ತು ನೋಡಿತು. ಓರ್ವ ವೈದ್ಯೆಯೂ ಸೇರಿದಂತೆ ಇಬ್ಬರು ಅಲ್ಲೇ ಅಸುನೀಗಿದರು. ಅದು ರಶ್ಯದ ಕೆಎಚ್-101 ಕ್ಷಿಪಣಿಯ ನೇರ ಹೊಡೆತವಾಗಿರುವ ಸಾಧ್ಯತೆಯೇ ಹೆಚ್ಚೆಂದು ವಿಶ್ವಸಂಸ್ಥೆಯ ಮಾನವ ಹಕ್ಕು ವೀಕ್ಷಕರು ಹೇಳಿದರು. ರಶ್ಯ ಎಂದಿನಂತೆ ನಿರಾಕರಿಸಿತು.

ಕ್ಷಿಪಣಿ ರಶ್ಯದ್ದು, ಅದನ್ನು ಹಾರಿಸುವ ಆದೇಶವೂ ರಶ್ಯದ್ದು. ಆ ಪಾಪದ ಮೊದಲ ಪಾಲು ಅವರದೇ ಎಂಬುದರಲ್ಲಿ ಯಾರಿಗೂ ಅನುಮಾನ ಬೇಡ. ಆದರೆ ಇದೇ ಮಾದರಿಯ ಕ್ಷಿಪಣಿಗಳ ಅವಶೇಷಗಳನ್ನು ಬಿಚ್ಚಿ ನೋಡಿದವರಿಗೆ ಒಳಗೆ ಕಂಡದ್ದು ರಶ್ಯವೊಂದೇ ಅಲ್ಲ. ಹಸಿರು ಸರ್ಕಿಟ್ ಹಲಗೆಗಳ ಮೇಲೆ ಅಮೇರಿಕದ, ಯುರೋಪಿನ ಕಂಪೆನಿಗಳ ಹೆಸರುಗಳಿದ್ದುವು. ಲಂಡನ್ನಿನ ರಕ್ಷಣಾ ಅಧ್ಯಯನ ಸಂಸ್ಥೆ ರುಸಿ 2022ರ ಆಗಸ್ಟ್‌ನಲ್ಲಿ ರಶ್ಯದ 27 ಬಗೆಯ ಆಯುಧ ಮತ್ತು ಸೇನಾ ವ್ಯವಸ್ಥೆಗಳನ್ನು ಪರಿಶೀಲಿಸಿ, ಕನಿಷ್ಠ 450 ಬಗೆಯ ವಿದೇಶಿ ಬಿಡಿಭಾಗಗಳನ್ನು ಪಟ್ಟಿ ಮಾಡಿತು. ಅವುಗಳಲ್ಲಿ ಹೆಚ್ಚಿನವು ಅಮೇರಿಕದ ಕಂಪೆನಿಗಳದ್ದು. ಅದೇ ವರ್ಷದ ನವೆಂಬರ್‌ನಲ್ಲಿ ಕಾನ್‌ಫ್ಲಿಕ್ಟ್ ಆರ್ಮಮೆಂಟ್ ರಿಸರ್ಚ್ ಎಂಬ ಸಂಸ್ಥೆಯು ಉಕ್ರೇನಿನಲ್ಲಿ ಬಿದ್ದ ಇರಾನಿ ಡ್ರೋನ್‌ಗಳನ್ನು ತೆರೆದು ನೋಡಿತು. 500ಕ್ಕೂ ಮಿಕ್ಕಿದ ಬಿಡಿಭಾಗಗಳು, 70ಕ್ಕೂ ಹೆಚ್ಚು ತಯಾರಕರು, 13 ದೇಶ-ಪ್ರದೇಶಗಳು. ಶೇಕಡಾ 82ರಷ್ಟು ಬಿಡಿಭಾಗಗಳು ಅಮೇರಿಕದ ಕಂಪೆನಿಗಳದ್ದಾಗಿದ್ದುವು.

ಈಗ ಆ ಕಂಪೆನಿಗಳನ್ನು ಕೇಳಿ ನೋಡಿ. ರಶ್ಯಕ್ಕೆ ಮಾರಿದವರು ಅವರಲ್ಲಿ ಒಬ್ಬರೂ ಇಲ್ಲ. ಇರಾನಿಗಂತೂ ಮೊದಲೇ ಇಲ್ಲ. ಹಾಗಾದರೆ ಆ ಚಿಪ್‌ಗಳು ಅಲ್ಲಿಗೆ ರೆಕ್ಕೆ ಕಟ್ಟಿಕೊಂಡು ಹಾರಿ ಹೋದುವೇ?

ಅಂದಹಾಗೆ, ಇವು ಯಾವುದೋ ರಹಸ್ಯ ಪ್ರಯೋಗಾಲಯದಲ್ಲಿ ತಯಾರಾದ ವಿಶೇಷ ವಸ್ತುಗಳೆಂದು ಭಾವಿಸಬೇಡಿ. ಬಟ್ಟೆ ಒಗೆಯುವ ಯಂತ್ರ, ಕಾರು, ಮೊಬೈಲ್ ಟವರ್, ಆಸ್ಪತ್ರೆಯ ಸ್ಕ್ಯಾನಿಂಗ್ ಯಂತ್ರಗಳಲ್ಲಿರುವಂಥವೇ. ವಿದ್ಯುತ್ತಿನ ಒತ್ತಡವನ್ನು ಹದದಲ್ಲಿಡುವ ಒಂದು ತುಣುಕು, ಉಪಗ್ರಹದ ಸಂಕೇತವನ್ನು ಹಿಡಿಯುವ ಇನ್ನೊಂದು, ಲೆಕ್ಕ ಮಾಡುವ ಮತ್ತೊಂದು. ಬೆರಳ ತುದಿಯಲ್ಲಿ ಕೂರುವಷ್ಟು ಚಿಕ್ಕವು. ಬೆಲೆಯೂ ಅನೇಕ ವೇಳೆ ಒಂದು ಹೊತ್ತಿನ ಊಟದ್ದನ್ನು ಮೀರದು. ಇರಾನಿನ ಶಾಹೆದ್-136 ಡ್ರೋನ್‌ನ ಎಂಜಿನ್ ಕೂಡಾ ಜರ್ಮನಿಯ ಲಿಂಬಾಕ್ ಕಂಪೆನಿ ಸಣ್ಣ ವಿಮಾನಗಳಿಗಾಗಿ ತಯಾರಿಸಿದ ಎಂಜಿನಿನ ನಕಲು. ಶಾಹೆದ್ ಎಂದರೆ ಸಾಕ್ಷಿ. ಬಿದ್ದ ಮೇಲೂ ಅದು ತನ್ನ ಹೆಸರಿಗೆ ತಕ್ಕಂತೆ ನಡೆದುಕೊಳ್ಳುತ್ತಿದೆ. ತನ್ನನ್ನು ಕಟ್ಟಿದವರ ವಿರುದ್ಧ ಮಾತ್ರವಲ್ಲ, ಕಟ್ಟಲು ಸಾಮಗ್ರಿ ಮಾರಿದವರ ವಿರುದ್ಧವೂ ಸಾಕ್ಷಿ ನುಡಿಯುತ್ತಿದೆ.

2022ರ ಸೆಪ್ಟೆಂಬರ್‌ನಲ್ಲಿ ಐರೋಪ್ಯ ಆಯೋಗದ ಅಧ್ಯಕ್ಷೆ ಉರ್ಸುಲಾ ವಾನ್ ಡೆರ್ ಲೆಯೆನ್ ತಮ್ಮ ಭಾಷಣದಲ್ಲಿ, ರಶ್ಯದ ಸೇನೆ ಪಾತ್ರೆ ತೊಳೆಯುವ ಯಂತ್ರ ಮತ್ತು ಫ್ರಿಜ್‌ಗಳಿಂದ ಚಿಪ್ ಕಿತ್ತು ಆಯುಧಗಳನ್ನು ದುರಸ್ತಿ ಮಾಡುತ್ತಿದೆ ಎಂದರು. ಸಭೆಗೆ ಖುಷಿಯಾಗಿರಬಹುದು. ಆದರೆ ವಾಸ್ತವ ಅಷ್ಟು ತಮಾಷೆಯದ್ದಾಗಿರಲಿಲ್ಲ. ಹಳೆ ಫ್ರಿಜ್ ಒಡೆಯುವ ದರ್ದು ರಶ್ಯಕ್ಕೆ ಇರಲಿಲ್ಲ. ಹೊಸ ಚಿಪ್‌ಗಳು ಪೆಟ್ಟಿಗೆಗಳಲ್ಲಿ, ಬಿಲ್ ಸಹಿತ, ಸುಂಕ ಕಟ್ಟಿಸಿಕೊಂಡೇ ಬರುತ್ತಿದ್ದುವು.

ಹೇಗೆ? ಒಂದು ಚಿಪ್‌ನ ಪಯಣವನ್ನು ಹಿಂಬಾಲಿಸೋಣ. ತಯಾರಕ ಕಂಪೆನಿಯು ತನ್ನ ಅಧಿಕೃತ ವಿತರಕನಿಗೆ ಮಾರುತ್ತದೆ. ಆತ ಇನ್ನೊಬ್ಬ ಸಗಟು ವ್ಯಾಪಾರಿಗೆ ಮಾರುತ್ತಾನೆ. ಆ ವ್ಯಾಪಾರಿಯಿಂದ ಅದು ಹಾಂಗ್‌ಕಾಂಗ್‌ನ ಒಂದು ಕಂಪೆನಿಗೆ ಹೋಗುತ್ತದೆ. ಆ ಕಂಪೆನಿ ಹುಟ್ಟಿದ್ದೇ ಯುದ್ಧ ಆರಂಭವಾದ ಬಳಿಕ. ಒಂದು ಕೋಣೆ, ಒಂದು ಬಾಗಿಲು, ಬಾಗಿಲ ಮೇಲೆ ಹತ್ತು ಕಂಪೆನಿಗಳ ಹೆಸರು. ಅಲ್ಲಿಂದ ಇಸ್ತಾಂಬುಲ್, ದುಬೈ ಅಥವಾ ಬಿಷ್ಕೆಕ್. ಅಲ್ಲಿ ಬಿಲ್ ಬದಲಾಗುತ್ತದೆ, ಕೆಲವೊಮ್ಮೆ ಸರಕಿನ ಹೆಸರೂ ಬದಲಾಗುತ್ತದೆ. ಕೊನೆಗೆ ಮಾಸ್ಕೋದ ಆಮದುದಾರನ ಗೋದಾಮು. ಇನ್ನೂ ಸುಲಭದ ದಾರಿಯೊಂದಿದೆ. ಕಝಕಿಸ್ತಾನಕ್ಕೆಂದು ಕಾಗದದಲ್ಲಿ ಬರೆದು ಲಾರಿಯನ್ನು ರಶ್ಯದ ಮೂಲಕ ಕಳುಹಿಸುವುದು. ಲಾರಿ ರಶ್ಯವನ್ನು ಪ್ರವೇಶಿಸುತ್ತದೆ. ಸರಕು ಕಝಕಿಸ್ತಾನವನ್ನು ತಲುಪುವುದಿಲ್ಲ. ಈ ಇಡೀ ಸರಪಳಿಯಲ್ಲಿ ಪ್ರತಿಯೊಬ್ಬನ ಕೈಯಲ್ಲೂ ಒಂದು ಕಾಗದವಿದೆ. ಪ್ರತಿಯೊಬ್ಬನೂ ತನ್ನ ಮುಂದಿನವನ ಹೆಸರನ್ನು ಮಾತ್ರ ಬಲ್ಲ. ಅದರಾಚೆ ಬಲ್ಲವನಾದರೂ ಬಲ್ಲೆನೆಂದು ಹೇಳಲಾರ.

ಅಮೇರಿಕ, ಐರೋಪ್ಯ ಒಕ್ಕೂಟ, ಬ್ರಿಟನ್ ಮತ್ತು ಜಪಾನ್ ಜೊತೆ ಸೇರಿ, ಯುದ್ಧಭೂಮಿಯಲ್ಲಿ ಹೆಚ್ಚು ಸಿಗುತ್ತಿರುವ ವಸ್ತುಗಳ ಪಟ್ಟಿಯೊಂದನ್ನು ಮಾಡಿವೆ. ಸುಂಕ ಇಲಾಖೆಯ 50 ಸಂಕೇತಸಂಖ್ಯೆಗಳು ಅದರಲ್ಲಿವೆ. ಎಂದರೆ ಯಾವ ವಸ್ತು ಹೋಗುತ್ತಿದೆಯೆಂದು ಗೊತ್ತಿದೆ. ಯಾವ ದಾರಿಯಾಗಿ ಹೋಗುತ್ತಿದೆಯೆಂದೂ ಗೊತ್ತಿದೆ. ಸುಮಾರು 70 ಲಕ್ಷ ಜನರಿರುವ ಕಿರ್ಗಿಸ್ತಾನಕ್ಕೆ 2022ರ ಬಳಿಕ ಯುರೋಪಿನ ರಫ್ತು ಹಲವು ಪಟ್ಟು ಏರಿದಾಗ, ಅಲ್ಲಿನ ಕುರುಬರಿಗೆ ಇದ್ದಕ್ಕಿದ್ದಂತೆ ಎಲೆಕ್ಟ್ರಾನಿಕ್ಸ್ ಮೋಹ ಹುಟ್ಟಿತೆಂದು ಯಾರಾದರೂ ನಂಬಿದರೇ?

2024ರ ಸೆಪ್ಟೆಂಬರ್‌ನಲ್ಲಿ ಅಮೇರಿಕದ ಸೆನೆಟ್‌ನ ತನಿಖಾ ಉಪಸಮಿತಿಯು ನಾಲ್ಕು ದೊಡ್ಡ ಚಿಪ್ ಕಂಪೆನಿಗಳ ಪ್ರತಿನಿಧಿಗಳನ್ನು ಕರೆಸಿಕೊಂಡಿತು. ಇಂಟೆಲ್, ಎಎಮ್‌ಡಿ, ಅನಲಾಗ್ ಡಿವೈಸಸ್ ಮತ್ತು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್. ತಾವು ರಶ್ಯಕ್ಕೆ ಮಾರಾಟ ನಿಲ್ಲಿಸಿದ್ದೇವೆ, ಕಾನೂನನ್ನು ಪಾಲಿಸುತ್ತಿದ್ದೇವೆ ಎಂಬುದು ಅವರ ಉತ್ತರ. ವಿತರಕರ ಮೇಲೆ ಈ ಕಂಪೆನಿಗಳು ಇಟ್ಟಿರುವ ನಿಗಾ ತೀರಾ ಸಡಿಲ ಎಂಬುದು ಸಮಿತಿಯ ಆರೋಪ. 2025ರ ಡಿಸೆಂಬರ್‌ನಲ್ಲಿ ಉಕ್ರೇನಿನ ಸಂತ್ರಸ್ತರ ಪರವಾಗಿ ಟೆಕ್ಸಾಸಿನ ನ್ಯಾಯಾಲಯದಲ್ಲಿ ಚಿಪ್ ಕಂಪೆನಿಗಳ ವಿರುದ್ಧ ದಾವೆಗಳೇ ದಾಖಲಾದುವು.

ಕಂಪೆನಿಗಳ ಪರ ವಾದಿಸುವವರ ಮುಖ್ಯ ಮಾತು ಒಂದೇ: ನಾವು ವರ್ಷಕ್ಕೆ ಕೋಟ್ಯಂತರ ಚಿಪ್‌ಗಳನ್ನು ತಯಾರಿಸುತ್ತೇವೆ, ಪ್ರತಿಯೊಂದರ ಬೆನ್ನು ಹತ್ತಿ ಹೋಗುವುದು ಅಸಾಧ್ಯ. ಈ ಮಾತನ್ನು ಸ್ವಲ್ಪ ಪರೀಕ್ಷಿಸೋಣ. ನಮ್ಮ ಪೇಟೆಯ ಅಂಗಡಿಯಲ್ಲಿ ಒಂದು ಬಾಟಲಿ ಆ್ಯಸಿಡ್ ಕೊಳ್ಳಲು ಹೋಗಿ. 2013ರ ಜುಲೈನಲ್ಲಿ ಸುಪ್ರೀಮ್ ಕೋರ್ಟ್ ನೀಡಿದ ಆದೇಶದ ಪ್ರಕಾರ ಅಂಗಡಿಯವನು ನಿಮ್ಮ ಹೆಸರು, ವಿಳಾಸ, ಪ್ರಮಾಣ ಮತ್ತು ಕೊಳ್ಳುವ ಉದ್ದೇಶವನ್ನು ಪುಸ್ತಕದಲ್ಲಿ ಬರೆದುಕೊಳ್ಳಬೇಕು, ಗುರುತುಚೀಟಿ ನೋಡಬೇಕು, ದಾಸ್ತಾನಿನ ಲೆಕ್ಕ ಕೊಡಬೇಕು. ಈ ಆದೇಶ ಎಲ್ಲ ಕಡೆ ಪಾಲನೆಯಾಗುತ್ತಿದೆಯೇ ಎಂಬುದು ಬೇರೆ ಪ್ರಶ್ನೆ. ಆದರೆ ಕಾನೂನಿನ ನಿರೀಕ್ಷೆ ಏನೆಂಬುದು ಸ್ಪಷ್ಟ. ಹೆಣ್ಣುಮಗಳೊಬ್ಬಳ ಮುಖ ಸುಟ್ಟರೆ, ಮಾರಿದವನಿಗೆ ಗೊತ್ತಿರಲಿಲ್ಲ ಎಂಬ ಒಂದೇ ಮಾತು ಸಾಲದು. ಕಕ್ಕಸು ತೊಳೆಯುವ ಆ್ಯಸಿಡ್ ಮಾರುವ ಬಡ ಅಂಗಡಿಯವನ ಮೇಲೆ ಹೇರಬಹುದಾದ ಹೊಣೆಯನ್ನು, ಜಗತ್ತಿನ ಅತ್ಯಂತ ಬುದ್ಧಿವಂತ ಯಂತ್ರಗಳನ್ನು ತಯಾರಿಸುವ ಕಂಪೆನಿಯ ಮೇಲೆ ಹೇರಲಾಗದೇ?

ಇಷ್ಟಕ್ಕೂ, ಹಿಂಬಾಲಿಸುವ ಇಚ್ಛೆ ಇದ್ದಾಗ ಇದೇ ದೇಶಗಳು ಎಷ್ಟರ ಮಟ್ಟಿಗೆ ಹಿಂಬಾಲಿಸಿವೆ ಎಂಬುದನ್ನು ಇರಾಕಿನ ತಾಯಂದಿರು ಬಲ್ಲರು. 1990ರಿಂದ 2003ರ ವರೆಗೆ ಆ ದೇಶದ ಮೇಲಿದ್ದ ದಿಗ್ಬಂಧನದ ಕಾಲದಲ್ಲಿ ವಿಶ್ವಸಂಸ್ಥೆಯ ಸಮಿತಿಯೊಂದು ಪ್ರತಿಯೊಂದು ಸರಕಿನ ಮೇಲೂ ಕಣ್ಣಿಟ್ಟಿತ್ತು. ನೀರು ಶುದ್ಧೀಕರಿಸುವ ಕ್ಲೋರಿನ್ ಮೇಲೆ ಶಂಕೆ. ಅದರಿಂದ ವಿಷಾನಿಲ ಮಾಡಬಹುದಂತೆ. ಮಕ್ಕಳ ಪೆನ್ಸಿಲನ್ನೂ ಗ್ರಾಫೈಟ್‌ನ ನೆಪದಲ್ಲಿ ತಡೆದರೆಂದು ಅಂದು ವ್ಯಾಪಕವಾಗಿ ವರದಿಯಾಗಿತ್ತು. ಅಲ್ಲಿ ವಿಶ್ವಸಂಸ್ಥೆಯ ನೆರವು ಕಾರ್ಯದ ಮುಖ್ಯಸ್ಥರಾಗಿದ್ದ ಡೆನಿಸ್ ಹಾಲಿಡೆ ಈ ಕ್ರೌರ್ಯವನ್ನು ಪ್ರತಿಭಟಿಸಿ 1998ರಲ್ಲಿ ರಾಜೀನಾಮೆ ಕೊಟ್ಟು ಹೊರನಡೆದರು. ಬಸ್ರಾದ ಮಗುವಿನ ಪೆನ್ಸಿಲ್ ಎಲ್ಲಿಗೆ ಹೋಗುತ್ತದೆಂದು ಪತ್ತೆ ಹಚ್ಚಬಲ್ಲ ವ್ಯವಸ್ಥೆಗೆ, ಕ್ಷಿಪಣಿಯೊಳಗೆ ಸೇರುವ ಚಿಪ್ ಮಾತ್ರ ಕಾಣಿಸುವುದಿಲ್ಲ!

ಅದೇ ಇರಾಕಿನ ಇನ್ನೂ ಹಿಂದಿನ ಕಥೆಯಿದೆ. ಸದ್ದಾಮ್ ಹುಸೇನ್ ಪಶ್ಚಿಮದ ಮಿತ್ರರಾಗಿದ್ದ ಕಾಲ. 1988ರ ಮಾರ್ಚ್ 16ರಂದು ಕುರ್ದ್ ಪಟ್ಟಣ ಹಲಬ್ಜಾದ ಮೇಲೆ ಅವರ ವಿಮಾನಗಳು ವಿಷಾನಿಲ ಸುರಿದುವು. ಸುಮಾರು 5,000 ಮಂದಿ ಸತ್ತರು. ಮಗುವನ್ನು ಅಪ್ಪಿಕೊಂಡೇ ಹೊಸ್ತಿಲ ಬಳಿ ಬಿದ್ದಿರುವ ತಂದೆಯ ಚಿತ್ರವನ್ನು ನಮ್ಮಲ್ಲಿ ಹಲವರು ನೋಡಿದ್ದೇವೆ. ಆ ಆಡಳಿತದ ಮಸ್ಟರ್ಡ್ ಅನಿಲಕ್ಕೆ ಬೇಕಾದ ಥಯೋಡೈಗ್ಲೈಕಾಲ್ ಎಂಬ ರಾಸಾಯನಿಕವನ್ನು ಬಟ್ಟೆಗೆ ಬಣ್ಣ ಹಾಕುವ ಉದ್ಯಮದಲ್ಲೂ ಬಳಸುತ್ತಾರೆ. ಅದನ್ನು ಇರಾಕಿಗೆ ಪೂರೈಸಿದವರಲ್ಲಿ ಒಬ್ಬ ನೆದರ್‌ಲ್ಯಾಂಡ್ಸಿನ ವ್ಯಾಪಾರಿ ಫ್ರಾನ್ಸ್ ವಾನ್ ಆನ್ರಾಟ್. ಸಾವಿರದ ನೂರು ಟನ್ನಿಗೂ ಮಿಕ್ಕಿದ ಸರಕು. ತನಗೆ ಗೊತ್ತಿದ್ದುದು ಬಟ್ಟೆಯ ಉದ್ಯಮ ಮಾತ್ರ ಎಂದು ಆತ ವಾದಿಸಿದ. 2005ರ ಡಿಸೆಂಬರ್ 23ರಂದು ಹೇಗ್‌ನ ನ್ಯಾಯಾಲಯ ಆ ವಾದವನ್ನು ತಳ್ಳಿಹಾಕಿ, ಯುದ್ಧಾಪರಾಧಕ್ಕೆ ಸಹಕರಿಸಿದ ಅಪರಾಧಕ್ಕಾಗಿ ಆತನಿಗೆ 15 ವರ್ಷಗಳ ಸೆರೆವಾಸ ವಿಧಿಸಿತು. ಮೇಲ್ಮನವಿಯಲ್ಲಿ ಶಿಕ್ಷೆ 17 ವರ್ಷಕ್ಕೇರಿತು. ಮಾರಿದವನೂ ಹೊಣೆಗಾರನೇ ಎಂದು ನ್ಯಾಯಾಲಯವೊಂದು ಹೇಳಬಲ್ಲುದು, ಹೇಳಿದೆ. ಹಲಬ್ಜಾದಲ್ಲಿ ಸತ್ತವರಿಗೆ ಈ ತೀರ್ಪು ಸಿಗಲು 17 ವರ್ಷ ಹಿಡಿಯಿತು ಎಂಬುದನ್ನೂ, ಕಟಕಟೆಗೆ ಬಂದವನು ಒಬ್ಬ ಒಂಟಿ ದಲ್ಲಾಳಿಯೇ ಹೊರತು ದೊಡ್ಡ ಕಾರ್ಖಾನೆಗಳಲ್ಲ ಎಂಬುದನ್ನೂ ಮರೆಯುವಂತಿಲ್ಲ.

ಸರಕಾರಗಳೇ ಕಣ್ಣು ಮಿಟುಕಿಸಿದ ಉದಾಹರಣೆಯೂ ಇದೆ. ಬ್ರಿಟನ್ನಿನ ಮ್ಯಾಟ್ರಿಕ್ಸ್ ಚರ್ಚಿಲ್ ಕಂಪೆನಿ ಇರಾಕಿಗೆ ಕೊಟ್ಟ ಲೋಹ ಕೊರೆಯುವ ಯಂತ್ರಗಳು ಮದ್ದುಗುಂಡಿನ ಕಾರ್ಖಾನೆ ಸೇರುತ್ತವೆಂದು ಲಂಡನ್ನಿಗೆ ಗೊತ್ತಿತ್ತು. ಕಂಪೆನಿಯವರ ಮೇಲೆ ಮೊಕದ್ದಮೆ ಹೂಡಿದ್ದೂ ಅದೇ ಸರಕಾರ. 1992ರಲ್ಲಿ ಮಾಜಿ ಸಚಿವರೊಬ್ಬರ ಸಾಕ್ಷ್ಯದಿಂದಲೇ ಆ ಮೊಕದ್ದಮೆ ಕುಸಿದುಬಿತ್ತು.

ಇಲ್ಲಿಯವರೆಗೆ ಓದಿ, ಇದೆಲ್ಲ ಪಾಶ್ಚಾತ್ಯರ ಪಾಖಂಡಿತನವೆಂದು ತಲೆಯಾಡಿಸಿದ ಓದುಗರಿದ್ದರೆ, ಮುಂದಿನ ಮಾತು ಅವರಿಗೆ. ಆ ಸರಪಳಿಯ ನಡುವಣ ಕೊಂಡಿಗಳ ಹೆಸರನ್ನು ಮತ್ತೊಮ್ಮೆ ಓದಿ ನೋಡಿ. ಇಸ್ತಾಂಬುಲ್, ದುಬೈ, ಬಿಷ್ಕೆಕ್. 2003ರ ಅಕ್ಟೋಬರ್‌ನಲ್ಲಿ ಲಿಬಿಯಾಕ್ಕೆ ಹೊರಟಿದ್ದ ಬಿಬಿಸಿ ಚೈನಾ ಎಂಬ ಹಡಗನ್ನು ಇಟೆಲಿಯ ಟರಾಂಟೊ ಬಂದರಿಗೆ ತಿರುಗಿಸಿ ಶೋಧಿಸಿದಾಗ ಸಿಕ್ಕಿದ್ದು ಯುರೇನಿಯಮ್ ಸಂಸ್ಕರಿಸುವ ಯಂತ್ರದ ಭಾಗಗಳು. ತಯಾರಾದದ್ದು ಮಲೇಷ್ಯಾದ ಕಾರ್ಖಾನೆಯಲ್ಲಿ. ತೈಲೋದ್ಯಮಕ್ಕೆ ಬೇಕಾದ ಭಾಗಗಳೆಂದು ನಂಬಿದ್ದಾಗಿ ಅವರು ಹೇಳಿದರು. ಸಾಗಿದ್ದು ದುಬೈಯ ಮೂಲಕ. ಹಿಂದಿದ್ದುದು ಪಾಕಿಸ್ತಾನದ ಅಬ್ದುಲ್ ಖದೀರ್ ಖಾನ್‌ರ ಜಾಲ. 2004ರ ಫೆಬ್ರವರಿಯಲ್ಲಿ ಅವರು ದೂರದರ್ಶನದಲ್ಲಿ ತಪ್ಪೊಪ್ಪಿಕೊಂಡರು. ಅಂದು ಅವರನ್ನು ವೀರನೆಂದು ಕೊಂಡಾಡಿದ ಉರ್ದು ಪತ್ರಿಕೆಗಳಿಗೇನೂ ಕೊರತೆಯಿರಲಿಲ್ಲ. ಅಣುಬಾಂಬನ್ನು ವ್ಯಾಪಾರದ ಸರಕಾಗಿಸಿದವನು ವೀರನಾಗುವುದು ಹೇಗೆಂದು ಕೇಳಿದವರು ಕಡಿಮೆ.

ಇಂದು ಸುಡಾನನ್ನು ನೋಡಿ. ದಾರ್ಫುರ್‌ಗೆ ಆಯುಧ ಪೂರೈಸಬಾರದೆಂದು ವಿಶ್ವಸಂಸ್ಥೆ 2004ರಲ್ಲೇ ನಿರ್ಬಂಧ ಹೇರಿದೆ. ಆದರೆ ಅಲ್ಲಿ ಅರೆಸೇನಾಪಡೆ ಆರ್‌ಎಸ್‌ಎಫ್ ಬಳಸುತ್ತಿರುವ ಸಶಸ್ತ್ರ ವಾಹನಗಳು ಯುಎಇಯಲ್ಲಿ ತಯಾರಾದವು, ಅವುಗಳಿಗೆ ಅಳವಡಿಸಿದ ಗಾಲಿಕ್ಸ್ ಎಂಬ ರಕ್ಷಣಾ ಸಾಧನ ಫ್ರಾನ್ಸಿನದು ಎಂದು 2024ರ ನವೆಂಬರ್‌ನಲ್ಲಿ ಆಮ್ನೆಸ್ಟಿ ಸಂಸ್ಥೆ ಚಿತ್ರ ಸಹಿತ ತೋರಿಸಿತು. ಅಂಥ ವಾಹನಗಳಲ್ಲಿ ಬ್ರಿಟನ್ನಿನಲ್ಲಿ ತಯಾರಾದ ಎಂಜಿನ್‌ಗಳಿವೆಯೆಂದು 2025ರ ಅಕ್ಟೋಬರ್‌ನಲ್ಲಿ ವರದಿಯಾಯಿತು. ಅದೇ ತಿಂಗಳ 26ರಂದು ಎಲ್ ಫಾಶಿರ್ ನಗರ ಆರ್‌ಎಸ್‌ಎಫ್ ವಶವಾಯಿತು. ಅಲ್ಲಿನ ಹೆರಿಗೆ ಆಸ್ಪತ್ರೆಯೊಂದರಲ್ಲಿ ರೋಗಿಗಳು ಮತ್ತು ಅವರ ಜೊತೆಗಿದ್ದವರು ಸೇರಿ 460ಕ್ಕೂ ಹೆಚ್ಚು ಮಂದಿ ಹತರಾದರೆಂಬ ವರದಿ ವಿಶ್ವ ಆರೋಗ್ಯ ಸಂಸ್ಥೆಯಿಂದ ಬಂತು. ಆಯುಧ ಪೂರೈಸಿದ ಆರೋಪವನ್ನು ಯುಎಇ ನಿರಾಕರಿಸುತ್ತಲೇ ಇದೆ. ಕೊಂದವರೂ ಮುಸ್ಲಿಮರು, ಸತ್ತವರೂ ಮುಸ್ಲಿಮರು, ವಾಹನ ಕಟ್ಟಿದ್ದು ಮುಸ್ಲಿಮ್ ದೇಶದಲ್ಲಿ. ನಮ್ಮ ಪಟ್ಟಣಗಳಲ್ಲಿ ಈ ಕುರಿತು ಎಷ್ಟು ಸಭೆಗಳಾದುವು? ಎಷ್ಟು ಜುಮಾ ಭಾಷಣಗಳಲ್ಲಿ ಎಲ್ ಫಾಶಿರ್‌ನ ಹೆಸರು ಬಂತು?

ನನ್ನೊಂದಿಗೆ ಮದ್ರಸಾದಲ್ಲಿ ಓದಿದ ಗೆಳೆಯನೊಬ್ಬ ಕೊಲ್ಲಿಯ ಒಂದು ವ್ಯಾಪಾರಿ ಕಚೇರಿಯಲ್ಲಿ ಬಿಲ್ ಬರೆಯುವ ಕೆಲಸಕ್ಕಿದ್ದ. ಒಂದು ದಿನ ಆತನಿಗೆ ಸೂಚನೆ ಬಂತಂತೆ: ಈ ಪೆಟ್ಟಿಗೆಗಳ ಬಿಲ್ಲಿನಲ್ಲಿ 'ಎಲೆಕ್ಟ್ರಾನಿಕ್ ಬಿಡಿಭಾಗ' ಎಂದಿರುವುದನ್ನು 'ಗೃಹೋಪಯೋಗಿ ಸಾಮಗ್ರಿ' ಎಂದು ಮಾಡು. ಯಾಕೆಂದು ಕೇಳಿದ್ದಕ್ಕೆ, ಸುಂಕ ಕಡಿಮೆ ಎಂಬ ಉತ್ತರ. ಪೆಟ್ಟಿಗೆಯಲ್ಲಿ ಏನಿತ್ತು, ಎಲ್ಲಿಗೆ ಹೋಯಿತು ಎಂಬುದು ಅವನಿಗೆ ಇವತ್ತಿಗೂ ಗೊತ್ತಿಲ್ಲ. ಒಮ್ಮೆ ಬರೆದ. ಎರಡನೇ ಸಲ ರಜೆ ಹಾಕಿ ಊರಿಗೆ ಬಂದವನು ಮರಳಿ ಹೋಗಲಿಲ್ಲ. "ನನ್ನ ಕೈಬರಹ ಅದರಲ್ಲಿದೆಯಲ್ಲಾ" ಎಂದು ಆತ ಹೇಳಿದ್ದು ನನ್ನನ್ನು ಈಗಲೂ ಕಾಡುತ್ತಿದೆ. ಅಲ್ಲಿಯ ಗೋದಾಮು, ಕಚೇರಿಗಳಲ್ಲಿ ದುಡಿಯುವವರು ನಮ್ಮ ಮನೆಮಕ್ಕಳು. ಇಂಥ ಸೂಚನೆ ಅವರಿಗೂ ಬರಬಹುದು. ಅರ್ಥವಾಗದ ಕಾಗದಕ್ಕೆ ಪಾಲುದಾರನೆಂದು ಸಹಿ ಹಾಕುವಂತೆ ಹೇಳಲೂಬಹುದು. ಸಿಕ್ಕಿಬಿದ್ದಾಗ ಧಣಿಯ ಹೆಸರಿಗಿಂತ ಮೊದಲು ಹೊರಬರುವುದು ಸಹಿ ಹಾಕಿದವನ ಹೆಸರು.

ಹನಫಿ ಮದ್ರಸಾಗಳಲ್ಲಿ ಹಿದಾಯ ಎಂಬ ಗ್ರಂಥವನ್ನು ಓದಿಸುತ್ತಾರೆ. ಅದನ್ನು ಬರೆದ ಇಮಾಮ್ ಮರ್ಗೀನಾನಿ ಕ್ರಿ.ಶ. 1197ರಲ್ಲಿ ನಿಧನರಾದರು, ಅವರ ಊರು ಇಂದಿನ ಉಝ್ಬೆಕಿಸ್ತಾನದ ಫರ್ಗಾನಾ ಕಣಿವೆಯಲ್ಲಿದೆ. ಮದ್ಯ ತಯಾರಿಸುವವನೆಂದು ಗೊತ್ತಿದ್ದೂ ಆತನಿಗೆ ದ್ರಾಕ್ಷಿಯ ರಸ ಮಾರಬಹುದೇ ಎಂಬ ಚರ್ಚೆ ಹನಫಿ ಗ್ರಂಥಗಳಲ್ಲಿದೆ. ರಸದಲ್ಲಿ ಸ್ವತಃ ಪಾಪವಿಲ್ಲ, ಮಾರಿದರೆ ತಪ್ಪಿಲ್ಲ ಎಂಬುದು ಇಮಾಮ್ ಅಬೂ ಹನೀಫಾರ ನಿಲುವು. ಅವರ ಇಬ್ಬರು ಪ್ರಮುಖ ಶಿಷ್ಯರು ಒಪ್ಪಲಿಲ್ಲ. ಚಿಪ್ ಕಂಪೆನಿಗಳ ವಕೀಲರಿಗೆ ಈ ಚರ್ಚೆ ತಿಳಿದಿದ್ದರೆ ಖಂಡಿತ ಗುರುವಿನ ಪಕ್ಷವನ್ನೇ ಹಿಡಿಯುತ್ತಿದ್ದರು! ಆದರೆ ವಿಷಯ ಯುದ್ಧಕ್ಕೆ ಬಂದಾಗ ಹಿದಾಯದ ಧ್ವನಿ ಬದಲಾಗುತ್ತದೆ. ಯುದ್ಧನಿರತ ಶತ್ರುವಿಗೆ ಆಯುಧ ಮಾರಬಾರದು ಎಂದಷ್ಟಕ್ಕೇ ಅದು ನಿಲ್ಲುವುದಿಲ್ಲ. ಕಬ್ಬಿಣವನ್ನೂ ಮಾರಬಾರದು ಎನ್ನುತ್ತದೆ. ಕಾರಣ, ಕಬ್ಬಿಣವೇ ಆಯುಧದ ಮೂಲ. ಕಬ್ಬಿಣದಿಂದ ನೇಗಿಲೂ ಆಗುತ್ತದೆಂದು ಆ ಇಮಾಮರಿಗೆ ತಿಳಿಯದೇ ಇರಲಿಲ್ಲ. ಆ ನಿಯಮವು ತನ್ನ ಕಾಲದ ಸ್ವಪಕ್ಷ-ಶತ್ರುಪಕ್ಷಗಳ ಲೆಕ್ಕದಲ್ಲಿ ರೂಪುಗೊಂಡದ್ದು ನಿಜ. ಹಾಗಿದ್ದೂ, ಸರಕಿನ ಹೆಸರನ್ನಲ್ಲ, ಅದು ಹೋಗಿ ಸೇರುವ ಜಾಗವನ್ನು ನೋಡಬೇಕೆಂಬ ವಿವೇಕ ಅದರಲ್ಲಿದೆ. ಎಂಟು ಶತಮಾನಗಳ ಬಳಿಕ ಅದೇ ಮಧ್ಯ ಏಶ್ಯಾದ ಗಡಿಗಳ ಮೂಲಕ ಚಿಪ್‌ಗಳು ಸಾಗುತ್ತಿವೆ, ಮತ್ತು ನಮ್ಮ ಫತ್ವಾ ವಿಭಾಗಗಳು ಇನ್ನೂ ದ್ರಾಕ್ಷಿಯ ರಸದಲ್ಲೇ ಇವೆ.

ಗಾಝಾದ ಕುರಿತು ಹೇಳದೆ ಈ ವಿಷಯ ಪೂರ್ಣವಾಗದು. ಅಲ್ಲಿ ಬಿಡಿಭಾಗಗಳಿಗೆ ಕಳ್ಳದಾರಿಯ ಅಗತ್ಯವೇ ಬರಲಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್, ಇಸ್ರೇಲಿಗೆ ನೀಡಿದ್ದ ಸುಮಾರು 350 ರಫ್ತು ಪರವಾನಿಗೆಗಳಲ್ಲಿ 30ರಷ್ಟನ್ನು ಅಮಾನತುಗೊಳಿಸಿತು. ಮಾನವೀಯ ಕಾನೂನಿನ ಗಂಭೀರ ಉಲ್ಲಂಘನೆಯ ಅಪಾಯವಿದೆಯೆಂದು ತಾನೇ ಒಪ್ಪಿಕೊಂಡಿತು. ಆದರೆ ಬಾಂಬ್ ಸುರಿಯುವ ಎಫ್-35 ವಿಮಾನಗಳ ಬಿಡಿಭಾಗಗಳು ಜಾಗತಿಕ ದಾಸ್ತಾನಿಗೆ ಹೋಗುವುದನ್ನು ಮುಂದುವರಿಸಿತು. ನೆದರ್‌ಲ್ಯಾಂಡ್ಸಿನಲ್ಲಿ 2024ರ ಫೆಬ್ರವರಿಯಲ್ಲಿ ಮೇಲ್ಮನವಿ ನ್ಯಾಯಾಲಯ ಇಂಥ ರಫ್ತನ್ನು ನಿಲ್ಲಿಸುವಂತೆ ಆದೇಶಿಸಿದಾಗ, ಸರಕಾರ ಸುಪ್ರೀಮ್ ಕೋರ್ಟಿಗೆ ಹೋಯಿತು. ವಾನ್ ಆನ್ರಾಟ್‌ನನ್ನು ಶಿಕ್ಷಿಸಿದ್ದು ಇದೇ ದೇಶದ ನ್ಯಾಯಾಲಯ ಎಂಬುದನ್ನು ನೆನಪಿಸಿಕೊಳ್ಳಿ. ಕೀವ್‌ನ ಆಸ್ಪತ್ರೆಗಾಗಿ ಮರುಗಿ ಗಾಝಾದ ಆಸ್ಪತ್ರೆಗೆ ಬೆನ್ನು ತಿರುಗಿಸುವವರನ್ನು ನಾವು ಟೀಕಿಸುತ್ತೇವೆ, ಟೀಕಿಸಲೇಬೇಕು. ಗಾಝಾಕ್ಕಾಗಿ ಮರುಗಿ ಕೀವ್ ಮತ್ತು ಎಲ್ ಫಾಶಿರ್‌ಗೆ ಬೆನ್ನು ತಿರುಗಿಸಿದರೆ, ಆ ಟೀಕೆಗೆ ಬಲವೆಲ್ಲಿಂದ ಬರಬೇಕು?

ಕೊನೆಯದಾಗಿ, ನಮ್ಮ ದೇಶ. ಆಯುಧ ಮತ್ತು ಎರಡು ಬಗೆಯ ಬಳಕೆಯ ವಸ್ತುಗಳ ರಫ್ತಿನ ಮೇಲೆ ನಿಗಾ ಇಡುವ ವಾಸೆನಾರ್ ಒಪ್ಪಂದಕ್ಕೆ ಭಾರತ 2017ರಲ್ಲಿ ಸೇರಿತು. (ಅದರಲ್ಲಿ ರಶ್ಯವೂ ಸದಸ್ಯ ಎಂಬುದು ಓದುಗರ ಗಮನಕ್ಕಿರಲಿ.) 2024ರ ಫೆಬ್ರವರಿಯಲ್ಲಿ ಐರೋಪ್ಯ ಒಕ್ಕೂಟ, ರಶ್ಯದ ಸೇನೆಗೆ ನೆರವಾದ ಆರೋಪದ ಮೇಲೆ ಪ್ರಕಟಿಸಿದ ಪಟ್ಟಿಯಲ್ಲಿ ನಮ್ಮ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಕಂಪೆನಿಯೊಂದರ ಹೆಸರಿತ್ತು. ಅಕ್ಟೋಬರ್ 30ರಂದು ಅಮೇರಿಕ ಪ್ರಕಟಿಸಿದ ಸುಮಾರು 400 ಹೆಸರುಗಳ ಪಟ್ಟಿಯಲ್ಲಿ 19 ಭಾರತೀಯ ಕಂಪೆನಿಗಳಿದ್ದುವು. ಅಮೇರಿಕದ ಪಟ್ಟಿ ನ್ಯಾಯಾಲಯದ ತೀರ್ಪೇನೂ ಅಲ್ಲ. ಗಾಝಾದ ಮೇಲೆ ಬೀಳುವ ಬಾಂಬ್ ಪೂರೈಸುವವರಿಂದ ನೀತಿಪಾಠ ಕಲಿಯಬೇಕಾದ ಗತಿಯೂ ನಮಗಿಲ್ಲ. ಆದರೆ ನಮ್ಮ ವಿದೇಶಾಂಗ ಸಚಿವಾಲಯದ ಉತ್ತರವೇನಿತ್ತು? ಈ ಕಂಪೆನಿಗಳು ಭಾರತದ ಕಾನೂನನ್ನು ಉಲ್ಲಂಘಿಸಿಲ್ಲ. ಇರಬಹುದು. ಟೆಕ್ಸಾಸಿನ ಕಂಪೆನಿಯೂ ತನ್ನ ದೇಶದ ಕಾನೂನನ್ನು ಉಲ್ಲಂಘಿಸಿಲ್ಲವೆಂದೇ ಹೇಳುತ್ತಿದೆ. ದುಬೈಯ ದಲ್ಲಾಳಿಯೂ ಅಷ್ಟೇ ಹೇಳುತ್ತಾನೆ. ಪ್ರಶ್ನೆ ಅದಲ್ಲ. ಆ 19 ಕಂಪೆನಿಗಳು ಏನನ್ನು ಮಾರಿದುವು, ಯಾರಿಗೆ ಮಾರಿದುವು, ಕೊಂಡವರು ಅದನ್ನು ಎಲ್ಲಿಗೆ ಕಳುಹಿಸಿದರು? ಆ್ಯಸಿಡ್ ಅಂಗಡಿಯವನ ಪುಸ್ತಕದಲ್ಲಿರಬೇಕಾದ ಈ ಮೂರು ಸಾಲುಗಳನ್ನು ಸರಕಾರ ಆ ಕಂಪೆನಿಗಳಿಂದ ಕೇಳಿ ಪಡೆದು ಸಂಸತ್ತಿನ ಮುಂದಿಡಲಿ.